ಮುನಿತಾಯಮ್ಮನ ಮೂಗುಬಟ್ಟೆ

೪ ಫೆಬ್ರವರಿ ೧೯೫೬, ಶನಿವಾರ. ಸಂಜೆ ಆರು

ಗಂಜಿ ಇಂದು ಎರಡು ಸಲ ತಳ ಹಿಡಿಯಿತು. ಹುಣಸೆಬೀಜದ ಹಿಟ್ಟು ಹಳೆಯದು, ನನ್ನ ತಪ್ಪೇನಿಲ್ಲ ಎಂದು ಮಿಲ್ಲಿನ ಮಾಸ್ತರಿಗೆ ಹೇಳಿದೆ. ನಂಬಿದರು. ನಿಜ ಬೇರೆ — ಕೊಪ್ಪರಿಗೆಯ ಮುಂದೆ ನಿಂತು ಕೆಮ್ಮಿನ ಬಗ್ಗೆ ಯೋಚಿಸುತ್ತಿದ್ದೆ.

ನನ್ನ ಕೆಮ್ಮಲ್ಲ, ಮುನಿತಾಯಮ್ಮನದು. ಮಿಕ್ಸಿಂಗ್ ರೂಮಿನಲ್ಲಿ ಹತ್ತಿಯ ಬೇಲು ಬಿಚ್ಚಿ, ಗಟ್ಟಿ ಹತ್ತಿಯನ್ನು ಕೈಯಿಂದ ಬಿಡಿಸಿ ಹಾಕುವ ಕೆಲಸ ಅವಳದು. ಎದುರಿಗಿರುವವರ ಮುಖ ಕಾಣದಷ್ಟು ಧೂಳು ಅಲ್ಲಿ. ನಾನು ಸೈಜಿಂಗಿನಲ್ಲಿ, ನೂಲಿಗೆ ಕೊಡುವ ಗಂಜಿ ಕಾಯಿಸುವವನು. ನನ್ನ ಕಡೆ ಬರೀ ಹಬೆ. ನಡುವೆ ಒಂದು ಗೋಡೆ. ಮೆಷಿನ್ನಿನ ಸದ್ದನ್ನೂ ಮೀರಿ ಆ ಗೋಡೆಯಾಚೆಯಿಂದ ಕೆಮ್ಮು ಕೇಳಿಸುತ್ತದೆ.

ಎಂಟು ವರ್ಷದ ಹಿಂದೆ ದಾವಣಗೆರೆಯಿಂದ ಬಂದಾಗ ಈ ಊರಲ್ಲಿ ನಮ್ಮನ್ನು ಮೊದಲು ಮಾತನಾಡಿಸಿದವಳು ಅವಳು. ಶಾಂತವ್ವ ಜ್ವರದಲ್ಲಿ ಮಲಗಿದ್ದಾಗ ಹೊಸಹಳ್ಳಿಯಿಂದ ಇಪ್ಪತ್ತು ದಿನ ಹಾಲು ಹೊತ್ತು ತಂದಳು. ರಾಜಾಜಿನಗರದ ಈ ಬಾಡಿಗೆ ಮನೆ ನಿಂತಿರುವುದೇ ಅವರ ರಾಗಿ ಹೊಲದ ಮೇಲೆ. ಬಡಾವಣೆಗೆ ಹೋಯಿತು. "ನಿಮ್ ಒಲೆ ಐತಲ್ಲ ಶಾಂತಕ್ಕ, ಅಲ್ಲೇ ನಮ್ ಕಣ ಇದ್ದಿದ್ದು" ಎಂದು ನನ್ನ ಹೆಂಡತಿಗೆ ಹೇಳಿ ನಗುತ್ತಾಳೆ. ಈಗ ಅವರ ಮನೆ ನಡೆಯುವುದು ಅವಳ ಮಿಲ್ಲಿನ ಕೆಲಸದಿಂದ. ಕೆಮ್ಮುವವರಿಗೆ ಮಿಲ್ಲಿನಲ್ಲಿ ಜಾಗವಿಲ್ಲ. ಹೋದ ವರ್ಷ ಅದೇ ರೂಮಿನ ಲಕ್ಷ್ಮಿದೇವಮ್ಮನನ್ನು ಟಿ.ಬಿ. ಎಂದು ಹೆಸರು ಹೊಡೆದು ಮನೆಗೆ ಕಳಿಸಿದರು.

ಯೋಚನೆ ಇಷ್ಟು. ಆಸ್ಪತ್ರೆಯಲ್ಲಿ ನರ್ಸುಗಳು ಮೂಗಿಗೆ ಬಟ್ಟೆ ಕಟ್ಟುತ್ತಾರೆ. ಮುನಿತಾಯಮ್ಮ ಬರೀ ಬಟ್ಟೆ ಕಟ್ಟಿ ನೋಡಿದ್ದಾಳೆ, ಧೂಳು ತೂರಿಕೊಂಡು ಒಳಗೆ ಬರುತ್ತದಂತೆ. ಆದರೆ ಬರೀ ನೂಲಿಗೆ ಗಂಜಿ ಕುಡಿಸಿದರೆ ಅದರ ಗುಣವೇ ಬದಲಾಗುತ್ತದೆ — ನನ್ನ ಹೊಟ್ಟೆಪಾಡೇ ಅದು. ಹಾಗಾದರೆ ಮೂಗಿನ ಬಟ್ಟೆಗೂ ಏನಾದರೂ ಕುಡಿಸಬಹುದಲ್ಲ? ಏನನ್ನು?

ಮಿಲ್ಲಿನ ತೆಳ್ಳನೆಯ ಮಲ್ಲು ಬಟ್ಟೆಯ ಒಂದು ತುಂಡನ್ನು ಪಂಚೆಯೊಳಗೆ ಸೊಂಟಕ್ಕೆ ಸುತ್ತಿಕೊಂಡು ಬಂದೆ. ಗೇಟಿನಲ್ಲಿ ವಾಚ್‌ಮನ್ ದೊಡ್ಡಹನುಮಯ್ಯ ತಡವಿ ನೋಡಿದ. "ಹೊಟ್ಟೆ ಬಂದೈತೆ ಕಣಣ್ಣ ನಿಂಗೆ" ಅಂದ. ಹೌದಪ್ಪ ಅಂದೆ. ತುಂಡೇ ಆದರೂ ಕೇಳದೆ ತಂದದ್ದು ಕಳ್ಳತನ. ಬರೆದಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ.

ಸೋಮವಾರದಿಂದ ಶುರು. ಹೊಸ ಕೆಲಸ ಏನಿದ್ದರೂ ನಾನು ಸೋಮವಾರವೇ ಹಿಡಿಯುವುದು. ಶಿವನ ವಾರ. ಅಪ್ಪನೂ ಹಾಗೇ.

೬ ಫೆಬ್ರವರಿ, ಸೋಮವಾರ

ನಾಲ್ಕು ಮಡಿಕೆ, ನಾಲ್ಕು ಲಾಡಿ. ಶಾಂತವ್ವ ಹೊಲಿದಳು. ಹುಣಸೆಬೀಜದ ಗಂಜಿಯಲ್ಲಿ ಅದ್ದಿ ಒಣಗಿಸಿದೆ. ಹದಿನಾರು ವರ್ಷ ಗಂಜಿಯಲ್ಲೇ ಕೈಯಾಡಿಸಿದವನಿಗೆ ಬೇರೇನು ತೋಚೀತು.

ಹಪ್ಪಳವಾಯಿತು. ಮುಖಕ್ಕೆ ಕಟ್ಟಿದರೆ ಗಲ್ಲಕ್ಕೊಂದು ಕಡೆ ತಾಗುತ್ತದೆ, ಮೂಗಿಗೊಂದು ಕಡೆ, ಪಕ್ಕದಲ್ಲಿ ಕಿಟಕಿ. ಉಸಿರು ಬಟ್ಟೆಯ ಮೂಲಕ ಹೋಗುತ್ತಲೇ ಇಲ್ಲ, ಅಂಚಿನಿಂದ ಓಡಾಡುತ್ತಿದೆ. ಹೆಂಗಸರೆಲ್ಲ ನಕ್ಕರು. ಅವರಲ್ಲಿ ಚಿಕ್ಕವಳು ಸೀತಾ, "ಕಣದಾಗೆ ಎತ್ತಿನ ಬಾಯ್ಗೆ ಕುಕ್ಕೆ ಕಟ್ತಾರಲ್ಲ, ಹಂಗೈತೆ ತಾಯಕ್ಕ!" ಅಂದಳು. ನಗಲು ಹೋದ ಮುನಿತಾಯಮ್ಮನಿಗೆ ಕೆಮ್ಮು ಹತ್ತಿತು. ಊಟದ ಬಿಡುವಿನಲ್ಲಿ ಹೊಂಗೆ ಮರದ ಕೆಳಗೆ ಎದೆ ಹಿಡಿದುಕೊಂಡು ಕೂತಿದ್ದಳು.

"ಎದೆ ಮ್ಯಾಲೆ ಯಾರೋ ಕಾಲಿಟ್ಟಂಗೆ ಆಯ್ತದೆ ಅಣ್ಣ."

ಎಣಿಸಲು ಕೂತೆ. ನಲವತ್ತರ ನಂತರ ಎಣಿಸಲು ಮನಸ್ಸಾಗಲಿಲ್ಲ. ಗಂಜಿ ಕೆಲಸಕ್ಕೆ ಬಾರದು.

೯ ಫೆಬ್ರವರಿ, ಗುರುವಾರ

ಬೇವು!!

ಮಂಗಳವಾರ ಅರಿಶಿನ ಕುಡಿಸಿದ್ದೆ. ಪರವಾಗಿಲ್ಲ ಅನ್ನುವಂತಿತ್ತು, ಆದರೆ ಸಂಜೆಗೆ ಮುನಿತಾಯಮ್ಮನ ಅರ್ಧ ಮುಖ ಹಳದಿ. ಗಂಡ ಬೈರಪ್ಪ "ಎರಡನೇ ಮದ್ವೆನಾ?" ಎಂದು ಕೇಳಿದನಂತೆ. ಇಂದು ಬೇವಿನ ಸೊಪ್ಪಿನ ಕಷಾಯ, ಎರಡು ಸೇರು ನೀರು ಅರ್ಧ ಸೇರಿಗೆ ಇಳಿಯುವವರೆಗೆ ಕುದಿಸಿ ಅದ್ದಿದ್ದು. ಇಡೀ ದಿನ ನಾಲ್ಕೇ ಸಲ ಕೆಮ್ಮಿದಳು. ನಾಲ್ಕು! "ಬಾಯೆಲ್ಲ ಕಹಿ, ಆದ್ರೆ ಎದೆ ಹಗುರ" ಅಂದಳು.

ಬಟ್ಟೆ ಬಿಚ್ಚಿ ನೋಡಿದೆ. ಒಳಪದರವೂ ಬೂದು ಬಣ್ಣಕ್ಕೆ ತಿರುಗಿದೆ. ಧೂಳು ಒಳಗೆ ಬಂದಿದೆ, ಆದರೆ ಬೇವು ಅದರ ವಿಷವನ್ನು ತೆಗೆದಿರಬೇಕು. ಬುದ್ಧಿವಂತ ಮರ. ನಾನೂ.

೧೧ ಫೆಬ್ರವರಿ, ಶನಿವಾರ

ಬೇವು ಸಿಕ್ಕಿತಲ್ಲ ಎಂದು ಸುಮ್ಮನಿರಬಹುದಿತ್ತು. ಕಣ್ಣು ಬಿಡಬೇಕಲ್ಲ.

ಶಿಫ್ಟು ಬಿಡುವ ಹೊತ್ತಿಗೆ ಮಿಕ್ಸಿಂಗಿನ ಹೆಂಗಸರು ಸಾಲಾಗಿ ಹೊರಗೆ ಬಂದರು. ಎಲ್ಲರ ತಲೆಯೂ ಬೆಳ್ಳಗೆ, ಹತ್ತಿಯ ನವಿರು ಅಂಟಿಕೊಂಡು. ಮುನಿತಾಯಮ್ಮನ ತಲೆ ಎಲ್ಲರಿಗಿಂತ ಬೆಳ್ಳಗೆ. ಸೀತಾಳ ತಲೆ ಮಾತ್ರ ಕಪ್ಪಗೇ ಇದೆ. ಒಂದೇ ರೂಮು, ಒಂದೇ ಧೂಳು, ಪಕ್ಕಪಕ್ಕ ಕೂರುವವರು. ಯಾಕೆ?

ಕೇಳಿದೆ. ಸೀತಾ ಇವತ್ತು ಬೆಳಿಗ್ಗೆ ಸೀಗೆಪುಡಿ ಹಾಕಿ ತಲೆ ತೊಳೆದುಕೊಂಡು ಬಂದಿದ್ದಳು. ಮುನಿತಾಯಮ್ಮ ದಿನವೂ ಅಂಗೈ ತುಂಬ ಹರಳೆಣ್ಣೆ ಹಚ್ಚುತ್ತಾಳೆ. "ಹೋಗುವಾಗ ಹೆಂಗಸು, ಬರುವಾಗ ಮುದುಕಿ" ಎಂದು ತನ್ನನ್ನೇ ಹಾಸ್ಯ ಮಾಡಿಕೊಂಡಳು. ನನಗೆ ನಗು ಬರಲಿಲ್ಲ. ಎಣ್ಣೆ ಇದ್ದ ಕಡೆ ಧೂಳು ನಿಲ್ಲುತ್ತದೆ! ತಲೆಗೆ ಅಂಟುವುದು ಬಟ್ಟೆಗೆ ಅಂಟದೇ?

ಇನ್ನೊಂದು ತುಂಡು ಮಲ್ಲು ತಂದೆ. ದೊಡ್ಡಹನುಮಯ್ಯ ಇಂದು ತಡವಲೂ ಇಲ್ಲ. ಪಾಪ ಅನ್ನಿಸಿತು.

೧೩ ಫೆಬ್ರವರಿ, ಸೋಮವಾರ

ಹರಳೆಣ್ಣೆ ಸೋತಿತು. ಹೀನಾಯವಾಗಿ.

ಹೊರಪದರಕ್ಕೆ ತೆಳ್ಳಗೆ ಸವರಿದ್ದೆ. ಹತ್ತು ಗಂಟೆಯವರೆಗೆ ಸರಿ ಇದ್ದಳು. ಆಮೇಲೆ ಶುರುವಾಯಿತು. ಎದೆ ಬಿಗಿತ, ಉಬ್ಬಸ, ಕಣ್ಣಲ್ಲಿ ನೀರು. ಎಣ್ಣೆಯ ವಾಸನೆಗೆ ವಾಕರಿಕೆ ಬೇರೆ. ಬಟ್ಟೆ ಕಿತ್ತು ನನ್ನ ಕೈಗೆ ಕೊಟ್ಟಳು. "ಬೇಜಾರ್ ಮಾಡ್ಕೋಬ್ಯಾಡ ಅಣ್ಣ, ನಿನ್ ಬೇವೇ ವಾಸಿ."

ವಿಚಿತ್ರವೆಂದರೆ ಬಟ್ಟೆಯ ಹೊರಗೆ ಕಂಬಳಿಯಷ್ಟು ಧೂಳು ಮೆತ್ತಿದೆ, ಒಳಪದರ ಮಲ್ಲಿಗೆಯಷ್ಟು ಬೆಳ್ಳಗಿದೆ. ಇದ್ದು ಏನು ಪ್ರಯೋಜನ? ಕೆಮ್ಮು ನಿಲ್ಲಲಿಲ್ಲವಲ್ಲ. ಹರಳೆಣ್ಣೆಯ ಗುಣ ಗಂಟಲಿಗೆ ಆಗದೇನೋ. ಮನೆಗೆ ಬಂದು ಬಿಸಾಡಿದೆ. ಶಾಂತವ್ವ ಎತ್ತಿಕೊಂಡು ದೀಪದ ಕಂಬ ಒರೆಸಲು ಇಟ್ಟುಕೊಂಡಳು.

೧೬ ಫೆಬ್ರವರಿ, ಗುರುವಾರ

ಬೇವು ಮತ್ತೆ ಗೆದ್ದಿತು. ನಿನ್ನೆ ಹತ್ತು ಸಲ, ಇಂದು ಐದು. ತೀರ್ಮಾನವಾದಂತೆಯೇ. ಮುಂದಿನ ವಾರದಿಂದ ಮಿಕ್ಸಿಂಗಿನ ಎಲ್ಲರಿಗೂ ಮಾಡಿಕೊಡೋಣ ಎಂದರೆ ಶಾಂತವ್ವ, "ಬೇವಿನ ಗಿಡ ಪೂರ್ತಿ ಬೋಳ ಮಾಡ್ರಿ, ಓಣ್ಯಾಗಿನ ಮಂದಿ ನಿಮಗ ಮರ್ಯಾದಿ ಮಾಡ್ತಾರ" ಅಂದಳು.

೨೦ ಫೆಬ್ರವರಿ, ಸೋಮವಾರ

ಏನೂ ಅರ್ಥವಾಗುತ್ತಿಲ್ಲ.

ಅದೇ ಬೇವು, ಅದೇ ಮರ, ಅದೇ ಅಳತೆ. ಇಂದು ಮುನಿತಾಯಮ್ಮ ಬೇಲಿನ ಮೇಲೆ ಬಗ್ಗಿದವಳು ಏಳಲಾಗದೆ ಅಲ್ಲೇ ಕೂತುಬಿಟ್ಟಳು. ಗೋಡೆಯಾಚೆಯಿಂದ ಕೇಳಿಸಿತು. ಗಂಜಿ ಬಿಟ್ಟು ಓಡಿದೆ. ತುಟಿ ಸ್ವಲ್ಪ ನೀಲಿಯಾಗಿತ್ತು. ನೀರು ಕುಡಿಸಿದರು.

ಅದೇ ಹೊತ್ತಿಗೆ ನೋಟೀಸು ಅಂಟಿಸಿದರು. ಮಾರ್ಚ್ ೧೨ರಂದು ಮಿಲ್ಲಿನ ಡಾಕ್ಟರು ಮಿಕ್ಸಿಂಗ್ ರೂಮಿನವರನ್ನೆಲ್ಲ ಪರೀಕ್ಷೆ ಮಾಡುತ್ತಾರೆ. ಎದೆಯ ಕಾಯಿಲೆ ಇದ್ದವರ ಹೆಸರನ್ನು ಅಂದೇ ಮಸ್ಟರಿನಿಂದ, ಹಾಜರಿ ಪಟ್ಟಿಯಿಂದ, ತೆಗೆಯುತ್ತಾರೆ.

ಡಾಕ್ಟರ್ ಜಗನ್ನಾಥ ಅಂದರೆ ನನಗೆ ಮೈಯೆಲ್ಲ ಉರಿ. ತಿಂಗಳಿಗೊಮ್ಮೆ ಕಾರಿನಲ್ಲಿ ಬರುತ್ತಾರೆ. ರೋಗಿಯ ಮುಖಕ್ಕಿಂತ ತಮ್ಮ ಕೈಗಡಿಯಾರವನ್ನೇ ಹೆಚ್ಚು ನೋಡುತ್ತಾರೆ. ಸ್ಟೆತಾಸ್ಕೋಪನ್ನು ಹಾವಿನ ಬಾಲ ಹಿಡಿದಂತೆ ದೂರದಿಂದ ಹಿಡಿಯುತ್ತಾರೆ. ಲಕ್ಷ್ಮಿದೇವಮ್ಮನಿಗೆ ಟಿ.ಬಿ. ಎನ್ನಲು ಅವರಿಗೆ ಎರಡು ನಿಮಿಷ ಸಾಕಾಯಿತು. ಇವರಿಗಿಂತ ನಮ್ಮೂರಿನ ದನದ ಡಾಕ್ಟರು ಮೇಲು, ಅವರು ಎಮ್ಮೆಯ ಬೆನ್ನಾದರೂ ಸವರುತ್ತಿದ್ದರು.

ಭಯವಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಇಲ್ಲ.

೨೩ ಫೆಬ್ರವರಿ, ಗುರುವಾರ

ಅಳಲೆಕಾಯಿ ಕಷಾಯ. ಬಟ್ಟೆ ಕಂದಾಯಿತು. ಆರು ಸಲ ಕೆಮ್ಮು. ಹಿಗ್ಗಬೇಕೋ ಬೇಡವೋ. ಬೇವೂ ಹೀಗೇ ಗೆದ್ದು ಕೈ ಕೊಟ್ಟಿತಲ್ಲ.

೨೭ ಫೆಬ್ರವರಿ, ಸೋಮವಾರ

ಬಾಯ್ಲರ್ ತಪಾಸಣೆ. ನಿನ್ನೆ ಭಾನುವಾರ, ಇಂದೂ ಮಿಲ್ಲು ಮುಚ್ಚಿದೆ. ಹೊಸಹಳ್ಳಿಗೆ ನಡೆದುಕೊಂಡು ಹೋದೆ. ಉಳಿದಿರುವ ತುಂಡು ಹೊಲದ ಹುರುಳಿಯನ್ನು ಬಡಿದು ತೂರುತ್ತಿದ್ದರು. ಹೊಟ್ಟು, ಮಣ್ಣು, ಧೂಳು — ನನಗೇ ಸೀನು ಬಂತು. ಮುನಿತಾಯಮ್ಮ ಮೊರ ಹಿಡಿದು ಧೂಳಿನ ನಡುವೆಯೇ ನಿಂತಿದ್ದಳು. ಒಂದು ಕೆಮ್ಮಿಲ್ಲ!

"ಇಲ್ಲಿ ಯಾಕಮ್ಮ ಕೆಮ್ಮೋದಿಲ್ಲ?"

"ಇದು ನಮ್ ಮಣ್ಣಲ್ವಾ ಅಣ್ಣ" ಎಂದು ನಕ್ಕಳು. ಉತ್ತರವಲ್ಲ ಅದು.

ಬರುವಾಗ ಲಕ್ಷ್ಮಿದೇವಮ್ಮನ ಮನೆಗೂ ಹೋದೆ. ಟಿ.ಬಿ. ಎಂದು ಕಳಿಸಿದ ವರ್ಷದ ಮೇಲೆ ಹೇಗಿರಬೇಕು? ಗುಂಡಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಯಾವ ಮದ್ದೂ ಇಲ್ಲದೆ ಮೂರು ತಿಂಗಳಲ್ಲಿ ಕೆಮ್ಮು ಹೋಯಿತಂತೆ. "ಮಿಲ್ಲಿಗೆ ಮತ್ತೆ ಸೇರ್ಸ್ಕೊಳ್ಳಿ ಅಂತ ಕೇಳಕ್ಕೋದ್ರೆ ಗೇಟ್ ಒಳಗೇ ಬಿಡ್ಲಿಲ್ಲ ಕಣಪ್ಪ" ಅಂದರು. ದಾರಿಯುದ್ದಕ್ಕೂ ತಲೆ ಕೆರೆದುಕೊಂಡೆ. ಟಿ.ಬಿ. ಹೀಗೆ ಹೇಳದೆ ಕೇಳದೆ ಹೋಗುತ್ತದೆಯೇ?

೨೮ ಫೆಬ್ರವರಿ, ಮಂಗಳವಾರ

ಅಳಲೆಕಾಯಿಯೂ ಸೋತಿತು. ಇಲ್ಲಿಯವರೆಗಿನ ಕೆಮ್ಮುಗಳಲ್ಲೇ ಕೆಟ್ಟದ್ದು. ಎರಡು ಗಂಟೆಗೆ ಅವಳನ್ನು ಮನೆಗೆ ಕಳಿಸಿದರು.

ಇನ್ನು ನನ್ನ ಕೈಲಾಗದು. ಗಂಜಿ ಕಾಯಿಸುವವನು ಗಂಜಿ ಕಾಯಿಸಿಕೊಂಡಿರಬೇಕು.

೩ ಮಾರ್ಚ್, ಶನಿವಾರ. ಸಂಜೆ ಐದೂವರೆ

ಗೊತ್ತಾಯಿತು! ಕ್ರಮವಾಗಿ ಬರೆಯಬೇಕು.

ಮೂರು ದಿನ ಈ ಪುಸ್ತಕ ಮುಟ್ಟಿರಲಿಲ್ಲ. ಇಂದು ತೆಗೆದದ್ದು ಬೇವಿನ ಕಷಾಯದ ಅಳತೆ ನೋಡಲು, ಕೊನೆಯದಾಗಿ ಒಮ್ಮೆ ಮಾಡಿಬಿಡೋಣ ಎಂದು. ಶಾಂತವ್ವ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೆಟ್ಟ ದಿನಗಳನ್ನು ಜೋರಾಗಿ ಓದಿದೆ. ಆರು, ಹದಿಮೂರು, ಇಪ್ಪತ್ತು, ಇಪ್ಪತ್ತೆಂಟು.

"ಅವೆಲ್ಲ ಸೋಮವಾರ ಅಲ್ಲೇನ್ರಿ?" ಅಂದಳು. ಅಕ್ಕಿಯಿಂದ ತಲೆ ಎತ್ತಲೂ ಇಲ್ಲ.

ಇಪ್ಪತ್ತೆಂಟು ಮಂಗಳವಾರ ಎಂದೆ, ಗೆದ್ದವನಂತೆ. ಹೇಳುತ್ತಿದ್ದಂತೆಯೇ ಹೊಳೆಯಿತು. ಆ ಸೋಮವಾರ ಮಿಲ್ಲು ಮುಚ್ಚಿತ್ತು! ವಾರದ ಹೆಸರಲ್ಲ, ರಜೆಯ ಮಾರನೆಯ ದಿನ. ಗಂಜಿ ಇರಲಿ, ಎಣ್ಣೆ ಇರಲಿ, ಬೇವಿರಲಿ, ರಜೆ ಕಳೆದು ಧೂಳಿಗೆ ಮರಳಿದ ದಿನ ಎದೆ ಹಿಡಿಯುತ್ತದೆ. ಗುರುವಾರದ ಹೊತ್ತಿಗೆ ತಾನಾಗಿಯೇ ಸಡಿಲವಾಗುತ್ತದೆ.

"ಅದರಾಗೇನು ಐತಿ?" ಅಂದಳು ಶಾಂತವ್ವ. "ಭಾಳ ದಿನ ಬಿಟ್ಟು ಮೆಣಸಿನಕಾಯಿ ಕುಟ್ಟಾಕ ಕುಂತ್ರ ಮೊದಲನೇ ದಿನ ಸೀನು ತಡಿಯಾಕ ಆಗಂಗಿಲ್ಲ. ಆಮ್ಯಾಲ ಮೂಗಿಗೆ ರೂಢಿ ಆಗ್ತತಿ."

ನನ್ನಂಥ ದಡ್ಡ ಈ ರಾಜಾಜಿನಗರದಲ್ಲಿ ಇನ್ನೊಬ್ಬನಿಲ್ಲ. ಶಿವನ ವಾರ ಎಂದು ಗಂಜಿಯನ್ನೂ ಎಣ್ಣೆಯನ್ನೂ ಸೋಮವಾರವೇ ಪರೀಕ್ಷೆಗೆ ಹಿಡಿದೆ, ಅಂದೇ ಸೋಲಿಸಿ ಎಸೆದೆ. ಗುರುವಾರ ಕಟ್ಟಿದ್ದಕ್ಕೆಲ್ಲ ಶಹಬ್ಬಾಸ್ ಅಂದೆ. ಬೇವು ಗೆದ್ದಿರಲಿಲ್ಲ, ಗುರುವಾರ ಗೆದ್ದಿತ್ತು. ಒಳಪದರ ಬೆಳ್ಳಗೆ ಉಳಿದದ್ದು ಒಂದೇ ಬಟ್ಟೆಯಲ್ಲಿ, ನಾನೇ ಬಿಸಾಡಿದ ಹರಳೆಣ್ಣೆಯದರಲ್ಲಿ. ಕಣ್ಣಿಗೆ ಕಂಡದ್ದನ್ನು ಬರೆದೆ, ನಂಬಲಿಲ್ಲ.

ಈ ಸಲ ಗಂಟಲನ್ನು ಕೇಳಲಿಲ್ಲ. ಒಲೆಯ ಊದುಗೊಳವೆಯೊಳಗೆ ಒಂದು ಚಿಟಿಕೆ ಹತ್ತಿಧೂಳು ಹಾಕಿದೆ (ಪಂಚೆಯ ಮಡಿಕೆಯಲ್ಲಿ ಬೇಕಾದಷ್ಟಿದೆ). ಆ ತುದಿಗೆ ಬಟ್ಟೆ ಕಟ್ಟಿ, ಬಿಚ್ಚಿಟ್ಟ ಕರಿ ಕೊಡೆಯ ಮೇಲೆ ಊದಿದೆ. ಬರೀ ಬಟ್ಟೆ — ಕೊಡೆಯ ಮೇಲೆ ಬಿಳಿ ಮಬ್ಬು. ಬೇವಿನ ಬಟ್ಟೆ — ಅಷ್ಟೇ ಮಬ್ಬು. ಅರಿಶಿನ, ಅಳಲೆಕಾಯಿ — ಅಷ್ಟೇ. ದೀಪದ ಕಂಬ ಒರೆಸುತ್ತಿದ್ದ ಎಣ್ಣೆ ಬಟ್ಟೆಯನ್ನು ತಂದು ಕಟ್ಟಿದೆ. ಊದಿದೆ. ಕೊಡೆ ಕಪ್ಪಗೇ ಇತ್ತು. ಶಾಂತವ್ವ ಗೊಳವೆ ಕಸಿದುಕೊಂಡು ತಾನೂ ಊದಿದಳು. ಕೊಡೆ ಕಪ್ಪಗೇ ಇತ್ತು!

೪ ಮಾರ್ಚ್, ಭಾನುವಾರ

ಬೆಳಗಿನ ರೈಲಿಗೆ ಕೆಂಗೇರಿಗೆ ಹೋಗಿ ಗಾಣದಿಂದ ಹೊಸ ಹರಳೆಣ್ಣೆ ತಂದೆ. ಹಳೆಯದರ ವಾಸನೆಗೇ ಅವಳಿಗೆ ವಾಕರಿಕೆ ಬಂದದ್ದು. ಹೊರಗಿನ ಎರಡು ಪದರಕ್ಕೆ ಮಾತ್ರ ಎಣ್ಣೆ, ಅದೂ ಸವರಿ ಹಿಂಡಿ. ತುಟಿಗೆ ತಾಗುವ ಪದರಕ್ಕೆ ಏನೂ ಇಲ್ಲ. ನಡುವೆ ನಾಲ್ಕು ಎಳೆ ಲಾವಂಚದ ಬೇರು ಇಟ್ಟು ಹೊಲಿದದ್ದು ಶಾಂತವ್ವನ ತಲೆ. ಕಟ್ಟಿಕೊಂಡು ನೋಡಿದೆ. ಮಳೆ ಬಿದ್ದ ನೆಲದ ವಾಸನೆ.

೫ ಮಾರ್ಚ್, ಸೋಮವಾರ

ಹದಿನಾಲ್ಕು ಸಲ. ಸೋಮವಾರಕ್ಕೆ ಹದಿನಾಲ್ಕೇ! ಎದೆ ಸ್ವಲ್ಪ ಬಿಗಿಯಿತು, ಕೂರಿಸಲಿಲ್ಲ. ಗುಣವಾಯಿತು ಎನ್ನಲಾರೆ. ಮುಂದಿನ ಸೋಮವಾರಕ್ಕೆ ಇನ್ನಷ್ಟು ಇಳಿಯಬಹುದು. ಆದರೆ ಮುಂದಿನ ಸೋಮವಾರ ಅಂದರೆ ಹನ್ನೆರಡು, ಪರೀಕ್ಷೆ. ತಿಂಗಳ ಯಾವುದೋ ಗುರುವಾರ ಬರಬಾರದೇ ಈ ಡಾಕ್ಟರು!

೮ ಮಾರ್ಚ್, ಗುರುವಾರ

ಉಳಿದ ಹೆಂಗಸರೂ ಕೇಳಿದರು. ಕುಕ್ಕೆ ಎಂದು ನಕ್ಕಿದ್ದ ಸೀತಾಳೇ ಮೊದಲು. ಶಾಂತವ್ವ ಆರು ಹೊಲಿದಳು. ಬಟ್ಟೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಶಿಫ್ಟು ಮುಗಿಸಿ ಡಾಕ್ಟರ ಶಾಪಿಗೆ, ಅವರ ಸ್ವಂತ ದವಾಖಾನೆಗೆ, ಹೋದೆ. ಬೆಂಚಿನ ಮೇಲೆ ಒಂದು ಗಂಟೆ ಕಾದು ಒಳಗೆ ಹೋಗಿ ಎಲ್ಲ ಹೇಳಿದೆ. ಟಿ.ಬಿ.ಗೆ ರಜೆ ಯಾವಾಗ, ಕೆಲಸ ಯಾವಾಗ ಎಂದು ಗೊತ್ತಿರುತ್ತದೆಯೇ ಸಾರ್, ಇದು ಹತ್ತಿಯ ಕೆಮ್ಮು ಎಂದೆ.

"ನೀವು ಗಂಜಿ ನೋಡ್ಕೊಳ್ಳಿ ಬಸವಲಿಂಗಪ್ಪ, ಲಂಗ್ಸ್ ನಾನು ನೋಡ್ಕೋತೀನಿ" ಅಂದರು. ಗಡಿಯಾರ ನೋಡಿದರು. ನಾನು ಏಳಲಿಲ್ಲ. ಆಗ ಸ್ವಲ್ಪ ಮೆತ್ತಗಾಗಿ, "ಬಾಯಲ್ಲಿ ಎಲ್ರೂ ಹೇಳ್ತಾರೆ. ಯಾವ ದಿನ ಎಷ್ಟು, ಏನಾದ್ರೂ ಬರೆದಿಟ್ಟಿದೀರಾ?" ಎಂದು ಕೇಳಿದರು.

ಈ ಪುಸ್ತಕ ನೆನಪಾಯಿತು. ಕದ್ದ ಬಟ್ಟೆ ನೆನಪಾಯಿತು. ದನದ ಡಾಕ್ಟರು ನೆನಪಾದರು.

"ಇಲ್ಲ ಸಾರ್" ಅಂದೆ.

ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಇಪ್ಪತ್ತು ದಿನ ಹಾಲು ಹೊತ್ತವಳಿಗೆ ಒಂದು ಪುಸ್ತಕ ತೆಗೆದು ತೋರಿಸಲು ಆಗಲಿಲ್ಲ.

೧೧ ಮಾರ್ಚ್, ಭಾನುವಾರ. ಮಧ್ಯಾಹ್ನ

ಬೆಳಿಗ್ಗೆಯಿಂದ ಕೂತು ಕೆಮ್ಮಿನ ಲೆಕ್ಕಗಳನ್ನಷ್ಟೇ ಬೇರೆ ಕಾಗದಕ್ಕೆ ಇಳಿಸಿದೆ. ದುಂಡು ಅಕ್ಷರ, ಚೊಕ್ಕ ಗೀಟು. ಶಾಂತವ್ವನಿಗೆ ತೋರಿಸಿದೆ.

"ನಿನ್ನೆ ರಾತ್ರಿ ಕುಂತು ಕಟ್ಟಿದಂಗ ಐತಿ. ಯಾರು ನಂಬ್ತಾರ ಇದನ್ನ?"

ನಿಜ. ಪುಸ್ತಕದಲ್ಲಾದರೆ ಪ್ರತಿ ದಿನದ ಇಂಕು ಬೇರೆ, ಗಂಜಿಯ ಬೆರಳಚ್ಚು ಬೇರೆ, ಫೆಬ್ರವರಿ ಹದಿಮೂರರ ಹಾಳೆಗೆ ಎಣ್ಣೆಯ ಕಲೆ. ಕಳ್ಳತನ ಬರೆದಿರುವ ಶನಿವಾರದ ಹಾಳೆಗಳನ್ನು ಹರಿದು ಉಳಿದದ್ದನ್ನು ಕೊಡೋಣ ಅಂದುಕೊಂಡೆ. ಹರಿದ ಪುಸ್ತಕವನ್ನು ನಾನಾಗಿದ್ದರೆ ನಂಬುತ್ತಿರಲಿಲ್ಲ.

"ಕೆಲಸ ಹೋದ್ರ?" ಎಂದು ಕೇಳಿದೆ.

"ಅಕಿದು ಹೋದ್ರ?" ಅಂದಳು. ಆಮೇಲೆ ಒಳಗೆ ಹೋಗಿ ಪುಸ್ತಕಕ್ಕೆ ಒಂದು ಬಟ್ಟೆಯ ಚೀಲ ಹುಡುಕಿ ತಂದಳು.

೧೨ ಮಾರ್ಚ್, ಸೋಮವಾರ. ಹತ್ತೂಕಾಲು

ಮಿಲ್ಲಿನಲ್ಲೇ ಬರೆಯುತ್ತಿದ್ದೇನೆ, ಕೊಪ್ಪರಿಗೆಯ ಮಗ್ಗುಲಲ್ಲಿ. ಪುಸ್ತಕ ಸೊಂಟದಲ್ಲಿ ತಂದೆ, ಬಟ್ಟೆ ಹೋದ ದಾರಿಯಲ್ಲೇ ಒಳಗೆ. ಮುನಿತಾಯಮ್ಮ ಬೆಳಿಗ್ಗೆಯಿಂದ ಮೂರು ಸಲ ಕೆಮ್ಮಿದ್ದಾಳೆ. ಗೋಡೆಗೆ ಕಿವಿಯಿಟ್ಟೇ ಗಂಜಿ ತಿರುಗಿಸುತ್ತಿದ್ದೇನೆ. ನಾಲ್ಕು.

ಹನ್ನೊಂದು

ಕಾರು ಬಂತು. ಡಾಕ್ಟರು ಗೇಟಿನ ಪಕ್ಕದ ರೂಮಿನಲ್ಲಿ ಕೂ

ಹನ್ನೊಂದೂವರೆ

ಆಗ ಬರೆಯುವುದನ್ನು ಅರ್ಧಕ್ಕೆ ನಿಲ್ಲಿಸಿದ್ದು ಮುನಿತಾಯಮ್ಮನಿಂದ. ಹೆಂಗಸರನ್ನು ಸಾಲು ನಿಲ್ಲಿಸಿದ್ದರು. ಅವಳು ಮೂಗುಬಟ್ಟೆ ಕೆಳಗಿಳಿಸಿ ನೆಟ್ಟಗೆ ಡಾಕ್ಟರ ಮುಂದೆ ಹೋಗಿ ನಿಂತಳು. "ಸಾಮಿ, ಎದೆ ಆಮೇಲ್ ನೋಡಿ. ಮೊದ್ಲು ನಾವು ಕೂರೋ ಜಾಗ ಒಂದ್ ಸಲ ನೋಡ್ಬನ್ನಿ. ಹತ್ತು ನಿಮಿಷ. ನಾನು ಹನ್ನೊಂದು ವರ್ಷದಿಂದ ಕೂತಿವ್ನಿ." ಅವಳು ಒಂದು ಮೂಗುಬಟ್ಟೆಯನ್ನು ಅವರ ಮುಂದೆ ಹಿಡಿದಳು. "ಇದ್ನ ಕಟ್ಕೊಳ್ಳಿ." ಡಾಕ್ಟರು ಅದನ್ನು ಮೂಸಿ ನೋಡಿದರು, ನಕ್ಕರು, ಬೇಡವೆಂದರು. ಗಡಿಯಾರ ನೋಡಿ, ಹತ್ತೇ ನಿಮಿಷ ಎಂದು ಒಳಗೆ ಹೋದರು.

ಹೊರಗೆ ಬಂದಾಗ ಕೋಟೂ ಹುಬ್ಬೂ ಬೆಳ್ಳಗಾಗಿದ್ದವು. ಯಾರೂ ನಗಲಿಲ್ಲ.

ಈಗ ಒಳಗೆ ಮುನಿತಾಯಮ್ಮನ ಸರದಿ. ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ. ಪಕ್ಕದಲ್ಲಿ ದೊಡ್ಡಹನುಮಯ್ಯ. "ಏನ್ ಬರಿತೀಯಾ ಅಣ್ಣ?" ಎಂದ. ನಿನ್ನ ಹೆಸರೂ ಇದೆಯಪ್ಪ ಅಂದುಕೊಂಡೆ, ಹೇಳಲಿಲ್ಲ.

ಉಸಿರು ಎಳಿ, ಬಿಡು. ಎಳಿ, ಬಿಡು. ಕೇಳಿಸುತ್ತಿದೆ.

ಕೆಮ್ಮು.

ಮತ್ತೆ ಕೆಮ್ಮು. ಬಿಡದ ಕೆಮ್ಮು, ಉಬ್ಬಸದ್ದು. ಮುಗಿಯಿತು ಅಂದುಕೊಂಡೆ. ಆಮೇಲೆ ಮುನಿತಾಯಮ್ಮನ ದನಿ, "ನೀರ್ ಕುಡೀರಿ ಸಾಮಿ, ಕೂತ್ಕೊಳ್ಳಿ... ಹಂಗೇ ಆಯ್ತದೆ ಮೊದಲ್ನೇ ದಿನ."

ಡಾಕ್ಟರು! ಕೆಮ್ಮುತ್ತಿರುವುದು ಡಾಕ್ಟರು.

ಸದ್ದು ನಿಂತಿತು. ಈಗ ಬಾಗಿಲು ತೆರೆದು ಅವಳೇ ನಿಂತಿದ್ದಾಳೆ. "ಅಣ್ಣ, ಡಾಕ್ಟ್ರು ಕರೀತಾವ್ರೆ. ಅವತ್ತು ಶಾಪಿಗೆ ಬಂದವ್ರು ಏನಾದ್ರೂ ಬರ್ದಿದ್ರೆ ತಕಂಬಾ ಅಂದ್ರು."

ಬರೆದಿದ್ದೇನೆ ಎಂದೆ. ಗಟ್ಟಿಯಾಗಿ, ದೊಡ್ಡಹನುಮಯ್ಯನಿಗೂ ಕೇಳುವಂತೆ. ಎದ್ದು ನಿಂತೇ ಈ ಸಾಲು. ಡಾಕ್ಟರೇ, ಒಂದೂ ಹಾಳೆ ಹರಿದಿಲ್ಲ. ಕೆಮ್ಮು ಸೋಮವಾರಗಳಲ್ಲಿದೆ. ಶನಿವಾರಗಳಲ್ಲಿ ನನ್ನ ಕಳ್ಳತನವಿದೆ, ಅದನ್ನೂ ಓದಿ. ಫೆಬ್ರವರಿ ಇಪ್ಪತ್ತರ ಕೊನೆಯಲ್ಲಿ ನಿಮ್ಮ ಬಗ್ಗೆ ಬರೆದದ್ದನ್ನು ಮಾತ್ರ ದಯವಿಟ್ಟು